ಮಾದಯ್ಯನ ಎರೆಹುಳು ಗುಂಡಿಗೆ ಫಿನಾಯಿಲ್ ಬಿದ್ದ ಬಗ್ಗೆ

ಯೋಗಾನರಸಿಂಹ ಬಿನ್ ಶ್ಯಾಮಣ್ಣ, ವಯಸ್ಸು 46 ವರ್ಷ, ಕಸುಬು ಹಸು ಸಾಕಿ ಹಾಲು ಮಾರುವುದು, ವಾಸ ಹಲಗೂರು, ಮಳವಳ್ಳಿ ತಾಲ್ಲೂಕು. ನಿನ್ನೆ ದೂರು ಕೊಟ್ಟವನೂ ನಾನೇ. ಇಂದು ಯಾರೂ ಕರೆಸದೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಕೊಟ್ಟಿಗೆಯಲ್ಲಿ ಹದಿನಾಲ್ಕು ಹಸುಗಳಿವೆ. ಕೊಟ್ಟಿಗೆ ತೊಳೆದ ಸಗಣಿ, ಗಂಜಲದ ನೀರು ಮೊದಲು ಮೋರಿಯಲ್ಲಿ ಹರಿದು ಕೆಳಗಿನ ಕಟ್ಟೆ ಸೇರಿ ನಾರುತ್ತಿತ್ತು. ಎರಡು ವರ್ಷದ ಹಿಂದೆ ನನ್ನ ಆಳು ಮಾದಯ್ಯ ಮೋರಿಯ ಕೊನೆಯಲ್ಲಿ ಎಂಟಡಿ ಉದ್ದ, ಐದಡಿ ಅಗಲದ ಗುಂಡಿ ತೆಗೆದು ಜಲ್ಲಿ, ಮರಳು, ಅದರ ಮೇಲೆ ಹಳೇ ಸಗಣಿ, ಹುಲ್ಲು ಹಾಸಿ ಎರೆಹುಳು ಬಿಟ್ಟನು. ಸಗಣಿಯನ್ನು ಹುಳು ತಿಂದು, ನೀರು ತಿಳಿಯಾಗಿ ಇಳಿಯತೊಡಗಿತು. ಉಪಾಯ ಪೂರ್ತಿ ಅವನದು. ನೋಡಲು ಬಂದವರಿಗೆಲ್ಲ ನನ್ನದೆಂದು ಹೇಳಿಕೊಂಡೆ.

ದಿನಾಂಕ 12-11-1976ರಂದು ಬೆಳಿಗ್ಗೆ 10 ಗಂಟೆಗೆ ಗುಂಡಿ ನೋಡಲು ಮೈಸೂರಿನಿಂದ ಪಶುವೈದ್ಯರೊಬ್ಬರು ಬರುವವರಿದ್ದರು. ಮಾದಯ್ಯ ಎದುರಿಗಿದ್ದರೆ ನನ್ನ ಬಣ್ಣ ಬಯಲಾಗುತ್ತದೆಂದು ಹಿಂದಿನ ದಿನವೇ ರಜೆ ಕೊಟ್ಟು ಅವನ ಮಾವನ ಊರಿಗೆ ಕಳಿಸಿದೆ. ಅದೇ 11ನೇ ತಾರೀಖು ಸಂಜೆ 4 ಗಂಟೆಗೆ, ಕೊಟ್ಟಿಗೆ ಚೊಕ್ಕಟವಾಗಿ ಕಾಣಲೆಂದು ನಾನೇ ಎರಡು ಡಬ್ಬ ಫಿನಾಯಿಲ್ ಸುರಿದು ತೊಳೆದೆ. ಮಾದಯ್ಯ ಎರಡು ವರ್ಷದಿಂದ ಅಲ್ಲಿಗೆ ಫಿನಾಯಿಲ್ ಸೋಕಿಸಿರಲಿಲ್ಲ. ಏಕೆಂದು ನಾನು ಕೇಳಿರಲೂ ಇಲ್ಲ.

ಮರುದಿನ ವೈದ್ಯರ ಎದುರು ಹುಲ್ಲು ಸರಿಸಿದಾಗ ಹುಳುಗಳು ಬೆಳ್ಳಗೆ ಸತ್ತು ಬಿದ್ದಿದ್ದವು. ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಆಗಲೇ ನನಗೆ ನನ್ನ ತಪ್ಪು ತಿಳಿಯಿತು. ಆದರೂ ಆಳು ಊರಿಗೆ ಹೋಗುವ ಮುನ್ನ ಹೊಟ್ಟೆಕಿಚ್ಚಿಗೆ ಸುರಿದಿದ್ದಾನೆಂದು ಹೇಳಿದೆ. ಹಾಗಾದರೆ ದೂರು ಕೊಡಬೇಕೆಂದು ವೈದ್ಯರು ಹೇಳಿದರು. ಆಡಿದ ಮಾತು ನುಂಗಲು ಆಗದೆ, 12.30ಕ್ಕೆ ಎರಡು ಫರ್ಲಾಂಗ್ ನಡೆದು ಠಾಣೆಗೆ ಬಂದು ದೂರು ಬರೆಸಿದೆ. ಸಂಜೆ 5 ಗಂಟೆಗೆ ಪೊಲೀಸರು ಮಾದಯ್ಯನನ್ನು ಠಾಣೆಗೆ ಕರೆತಂದರು.

ಈ ದಿನ ಬೆಳಿಗ್ಗೆ 7 ಗಂಟೆಗೆ ಅವನ ಹೆಂಡತಿ ಬೆಟ್ಟಮ್ಮ ನನ್ನ ಮನೆಗೆ ಬಂದಳು. ಬೈಯುತ್ತಾಳೆಂದು ಹೆದರಿ ಬಾಗಿಲ ಒಳಗೇ ನಿಂತೆ. ಅವಳು ಬೈಯಲಿಲ್ಲ. ಗಂಡ ಠಾಣೆಯಿಂದ ಹೇಳಿಕಳಿಸಿದ್ದನ್ನು ಹೇಳಿದಳು. “ಮೋರಿ ಬಾಯ್ಗೆ ಮಣ್ಣು ಕಟ್ಬುಡ್ಬೇಕಂತೆ ಸಾಮಿ. ಗುಂಡಿಗೆ ಬಾವಿ ನೀರು ಉಯ್ಬೇಕಂತೆ. ಮೂಲೇಲಿ ಉಳ ಬದ್ಕಿದ್ರೂ ಬದ್ಕಿರ್ತವಂತೆ.”

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಹೇಳಿದಂತೆ ಮೋರಿ ಕಟ್ಟಿ, ಇಪ್ಪತ್ತು ಬಿಂದಿಗೆ ನೀರು ಹೊಯ್ದು, ಕೈಯಿಂದಲೇ ಕೆದಕಿ ನೋಡಿದೆ. ಬಡಗಣ ಮೂಲೆಯಲ್ಲಿ ಇಪ್ಪತ್ತಮೂರು ಹುಳು ಜೀವ ಹಿಡಿದಿದ್ದವು. 9.15ಕ್ಕೆ ಠಾಣೆಗೆ ಬಂದೆ. ಜಗಲಿಯ ಮೇಲೆ ಕೂತಿದ್ದ ಮಾದಯ್ಯ ನನ್ನನ್ನು ಕಂಡು ಎದ್ದು ನಿಂತನು.

ನಿನ್ನೆಯ ದೂರು ಸುಳ್ಳು. ಮೇಲೆ ಬರೆಸಿದ್ದು ನಿಜ. ಇದನ್ನು ಮಾದಯ್ಯನಿಗೆ ಕೇಳುವಂತೆ ಓದಬೇಕೆಂದು ಕೋರಿದೆ, ಓದಲಾಯಿತು. ಪೂರ್ತಿ ಕೇಳಿದ ಮೇಲೆ ಅವನು, “ಎಷ್ಟು ಉಳ್ಕಂಡ್ವು ಸಾಮಿ?” ಎಂದಷ್ಟೇ ಕೇಳಿದನು. ಲೆಕ್ಕ ಹೇಳಿದೆ. ಗುಂಡಿ ಮಾದಯ್ಯನದೆಂದೂ ಇದರಲ್ಲಿ ಸೇರಿಸಿ ಬರೆದುಕೊಳ್ಳಬೇಕೆಂದು ಕೇಳಿಕೊಂಡು ಸಹಿ ಹಾಕಿರುತ್ತೇನೆ.

ಸ್ಥಳ: ಹಲಗೂರು
ದಿನಾಂಕ: 13-11-1976
(ಸಹಿ) ಯೋಗಾನರಸಿಂಹ