ಮೂವತ್ತೈದರ ಲೆನ್ಸು, ಐವತ್ತರ ಕಿಂಡಿ

ಅಲ್ಲ ಅಕ್ಕ, ನೀನೇ ಹೇಳು, ಇದನ್ನ ಫೋಟೋ ಅಂತಾರಾ? ಸ್ವಿಚ್‌ಬೋರ್ಡು, ಅರ್ಧ ಬಾಗಿಲು, ನೆಲ ಒರೆಸೋ ಕೋಲು... ಎಲ್ಲಾ ಬಂದು ಕೂತಿವೆ! ನನ್ನ ಮಾವನ ಮನೆಯವರು ಅಷ್ಟು ಜನ ಬಂದಿದ್ರು. ಸೋಫಾ ತುಂಬ ಕೂರಿಸಿ, ಗದ್ದ ಮೇಲೆ, ಗದ್ದ ಕೆಳಗೆ ಅಂತ ಬಾಯಿ ಬಡ್ಕೊಂಡು ತೆಗೆದಿದ್ದು. ಈಗ ನೋಡು, ನಡುವೆ ಇರುವೆ ಸಾಲಿದ್ದ ಹಾಗಿದ್ದಾರೆ!

ಯಾರ ತಪ್ಪು ಅಂತೀಯಾ? ಅಪ್ಪಂದು! ಇನ್ಯಾರದ್ದು?

ತಡಿ, ಹೇಳ್ತೀನಿ. ಈ ಹಳೇ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕ ಏನೂ ಕಾಣಲ್ಲ. ಹಿಂದಿನ ಕಿಂಡೀಲಿ ಕಣ್ಣಿಟ್ಟು ಫೋಕಸ್ ಮಾಡ್ಬೇಕು. ಆ ಕಿಂಡಿ ಫೋಕಸಿಗೆ ಮಾತ್ರ. ಮೂವತ್ತೈದು ಎಂಎಂ ಲೆನ್ಸು ಅಗಲಕ್ಕೆ ನೋಡುತ್ತೆ, ಐವತ್ತರದ್ದು ಕಿರಿದಾಗಿ. ಎಲ್ಲಿಂದ ಎಲ್ಲೀವರೆಗೆ ಬರುತ್ತೆ ಅಂತ ನೋಡೋಕೆ ಕ್ಯಾಮೆರಾ ನೆತ್ತಿ ಮೇಲೆ ಆಯಾ ಲೆನ್ಸಿಗೆ ತಕ್ಕ ಬೇರೆ ಕಿಂಡಿ, ವ್ಯೂಫೈಂಡರ್, ಸಿಗಿಸ್ಬೇಕು. ಇದೇ, ಈ ಹೆಬ್ಬೆರಳಿನಷ್ಟು ಇದೆಯಲ್ಲ, ಇದು. ಅಪ್ಪನ ಡಬ್ಬೀಲಿ ಎರಡಿವೆ. ಒಂದು ಮೂವತ್ತೈದಕ್ಕೆ, ಒಂದು ಐವತ್ತಕ್ಕೆ. "ಕೊಡೋ, ನಾನು ಸಿಗಿಸಿಕೊಡ್ತೀನಿ" ಅಂತ ಕೈ ಚಾಚಿದ್ರು. ಪಾಪ, ಆಸೆ ಪಡ್ತಾರಲ್ಲ ಅಂತ ಕೊಟ್ಟೆ. ನಡುಗೋ ಕೈಲಿ ಮೂವತ್ತೈದರ ಲೆನ್ಸಿಗೆ ಐವತ್ತರ ಫೈಂಡರ್ ಕೂರಿಸಿಬಿಟ್ರು! ನಾನು ಅದರಲ್ಲಿ ನೋಡಿದ್ದು ಬರೀ ಸೋಫಾ. ಫಿಲಮ್ಮು ನೋಡಿದ್ದು ಇಡೀ ಹಾಲು!

ನಂಬರ್ ಇರಲ್ವಾ ಅಂತೀಯಾ? ಇದೆ, ಸಾಸಿವೆ ಗಾತ್ರಕ್ಕೆ! ಜನ ಹಲ್ಲು ಕಿರ್ಕೊಂಡು ಕಾಯ್ತಿರುವಾಗ ಭೂತಗನ್ನಡಿ ಹಿಡ್ಕೊಂಡು ನಿಲ್ಲಲಾ?

ಆಮೇಲೆ ಅವರೇನು ಫೋಟೋಗೆ ನಿಂತ್ರಾ? ಇಲ್ಲ! ಸುಸ್ತು ಅಂತ ಒಳಗೆ ಹೋಗಿ ಮಲಗಿಬಿಟ್ರು. ಎಷ್ಟು ಕರೆದ್ವಿ ಗೊತ್ತಾ...

ಅದಕ್ಕೇ ಮತ್ತೆ ಮತ್ತೆ ಬಡ್ಕೊಳ್ತಿರೋದು, ವೃದ್ಧಾಶ್ರಮಾನೇ ಸರಿ ಅಂತ. ಜೀವನವಿಡೀ ಸ್ಟುಡಿಯೋ ನಡೆಸಿದ ಮನುಷ್ಯ! ಯಾವ ಲೆನ್ಸಿಗೆ ಯಾವ ಫೈಂಡರ್ ಅನ್ನೋದೇ ಮರೆತಿದ್ದಾರೆ ಅಂದ್ರೆ ಇನ್ನೇನು ಉಳಿದಿದೆ ತಲೇಲಿ? ನಾಳೆ ಗ್ಯಾಸ್ ಹಚ್ಚಿಟ್ಟು ಮರೀತಾರೆ. ನೀನೊಬ್ಳು ಹೂಂ ಅಂದ್ರೆ ಸೋಮವಾರವೇ ಬಿಟ್ಟು ಬರ್ತೀನಿ.

ಏನದು ಅಷ್ಟು ಹೊತ್ತಿಂದ ನೋಡ್ತಿರೋದು? ಆ ಅಂಚಲ್ಲೇನಿದೆ? ಬಾಗಿಲು. ಕೊಡಿಲ್ಲಿ, ಕತ್ತರಿಸಿ ಎಸೀತೀನಿ... ಕೊಡೇ ಅಂದ್ರೆ! ಯಾಕೆ ಹಾಗೆ ಗಟ್ಟಿಯಾಗಿ ಹಿಡ್ಕೊಂಡಿದೀಯ?

ಹೌದು. ಅಪ್ಪಾನೇ. ಬಾಗಿಲ ಹತ್ರ, ಕುರ್ಚೀಲಿ. ಮಲಗಿದ್ರು ಅಂದ್ನಾ? ಆಮೇಲೆ ಮಲಗಿರ್ಬೇಕು, ನಂಗೇನು ಗೊತ್ತು!

ಹಾಗೆ ನೋಡ್ಬೇಡ ನನ್ನ! ಬಾಯಿ ಓರೆ ಆಗಿದೆ, ಜೊಲ್ಲು ಸುರಿಯುತ್ತೆ, ಮಾವನ ಮನೆಯವರ ಎದುರು... ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋ ಫೋಟೋ ಅದು! ಹೌದು, ನಾನೇ ಕುರ್ಚೀನ ಆಚೆ ಎಳೆದೆ. "ಇಲ್ಲೇ ಕೂತಿರಿ, ಫೋಟೋದಲ್ಲಿ ಬರ್ತೀರ" ಅಂದೆ. ಆಯ್ತು ಅಂತ ತಲೆ ಆಡಿಸಿದ್ರು. ಏನೀಗ? ಮಕ್ಕಳಿಗೆ ಹೇಳಲ್ವಾ ಹಾಗೆ?

ಇಸ್ತ್ರಿ ಶರ್ಟು ಹಾಕಿದ್ದಾರಲ್ಲ... ಯಾವಾಗ ಹಾಕೊಂಡ್ರು? ತಲೇನೂ ಬಾಚಿದ್ದಾರೆ. ಉಳಿದವರೆಲ್ಲ ಎಲ್ಲೆಲ್ಲೋ ನೋಡ್ತಿದ್ದಾರೆ, ಇವರೊಬ್ರೇ ನೆಟ್ಟಗೆ ಲೆನ್ಸನ್ನೇ...

ಯಾಕೆ ನಗ್ತಿದೀಯ?

ಅಲ್ಲ, ಆ ಐವತ್ತರ ಫೈಂಡರ್ ಮರೆತೇ ಹಾಕಿರ್ತಾರೆ. ಮರೆವು ಅದು. ಮರೆವೇ ತಾನೆ, ಅಕ್ಕ? ಕುರ್ಚಿ ಎಳೀತೀನಿ ಅಂತ ಅವರಿಗೆ ಮೊದಲೇ ಹೇಗೆ ಗೊತ್ತಾಗ್ಬೇಕು?

ಬೈಯೋದಿದ್ರೆ ಬೈ. ಹಿಂಗೆ ನಗ್ಬೇಡ... ಬೆಳಗ್ಗೆ ಈ ಫೋಟೋ ಮುಖಕ್ಕೆ ಹಿಡಿದು ಬೈದಾಗ ಅವರೂ ಹಿಂಗೇ ನಕ್ರು. ತಲೆ ಪೂರ್ತಿ ಕೆಟ್ಟಿದೆ ಅಂದ್ಕೊಂಡೆ ನಾನು.