ಲೈಟಿನ ವಾಯರಿನ್ಯಾಗ ಹೋದ ಮಾತು

ಅಲ್ಲ ಅಯ್ಯಮ್ಮಾ, ಬಾ ಅಂತ ಬೆಲ್ ಹೊಡದ್ರ ಮಾತಾಡೂ ಡಬ್ಬಿನೇ ಕಿತ್ತಿಕೊಂಡು ಬಂದೀಯಲ್ಲ! ಕೆಟ್ಟದೇನು? ತಂದು ಎಂಟು ದಿನ ಆಗಿಲ್ಲ, ಹೈದರಾಬಾದಿನ ಮಾಲು. ಬ್ಯಾರೆ ವಾಯರ್ ಬೇಕಿಲ್ಲ, ಪ್ಲಗ್ಗಿಗೆ ಹಾಕಿದ್ರ ಲೈಟಿನ ವಾಯರಿನ್ಯಾಗಿಂದೇ ಮಾತು ಹೋಗ್ತದ. ನಿನ್ನ ಖೋಲಿಗೂ ನನ್ನ ಮೀಟರಿನ ಕರೆಂಟೇ, ಅದಕ್ಕ ಅಲ್ಲೂ ನಡೀತದ. ಇಡೀ ಶಹಾಪುರದಾಗ ಯಾರ ಮನ್ಯಾಗ ಅದ ಹೇಳು? ಲೈನ್‌ಮನ್‌ಗೂ ತಿಳೀಲಿಲ್ಲ. ಸಾಲಿ ನೆಟ್ಟಗ ಕಲೀದ ನಾನು, ಈ ಗೊಲ್ಲಾಳಮ್ಮ, ಡಬ್ಬಿ ಕೂಡ ಬಂದ ಹಾಳಿ ಓದಿ ಕೂಡಿಸೀನಿ... ಯಾಕ ಹಂಗ ನೋಡ್ತಿ?

ಕೂಡು. ಗಂಡ ಅಂಬ್ರಣ್ಣನ ಚಿಂತಿ ಹೌದಿಲ್ಲ? ಠಾಣ್ಯಾಗ ಮೂರು ದಿನ ಆತು... ಬಿಡ್ತಾರ ತಗೊ. ನೀರಿನ ಪಾಳಿ ಇಲ್ಲದಾಗ ಯಾರೋ ಕೆನಾಲ್ ಗೇಟ್ ಎತ್ಯಾರ, ನೀರು ನುಗ್ಗಿ ಕೆನಾಲ್ ದಂಡಿಗಿರೂ ಬಾಲಮ್ಮನ ಮ್ಯಾಲೆ ಮನಿ ಗ್ವಾಡಿ ಬಿದ್ದದ, ಮುದುಕಿ ಇನ್ನ ಕಣ್ಣು ತೆರದಿಲ್ಲ. ಗೇಟ್ ಕಾಯಾವ ನಿನ್ನ ಗಂಡ, ತಿರುವೂ ಹ್ಯಾಂಡಲ್ ಇರೂದು ಅವನ ಬಲ್ಲಿ. ಮತ್ಯಾರನ್ನ ಹಿಡೀಬೇಕು?

ಡಬ್ಬಿಗೆ ಯಾಕ ಬಟ್ಟು ತೋರಸ್ತಿ?

ಮುಂಜಾನೆ ಗಿರಣ್ಯಾಗಿನ ಪಂಪಣ್ಣನ ಕೂಡ ಮಾತಾಡಿದೆ, ಹೌದು. ಅವ ನನ್ನ ಆಳು! ಗಿರಣ್ಯಾಗಿನ ಅವನ ಡಬ್ಬಿಗೆ ಒಂದನೇ ಗುಂಡಿ, ನಿನ್ನದಕ್ಕ ಎರಡನೇದು. ಒಂದು ಒತ್ತಿದ್ರ ಬೆಲ್ ಅವನಲ್ಲೇ ಆಗ್ತದ. ನಿನ್ನಲ್ಲಿ ಆತೇನು? ಇಲ್ಲಲ್ಲ! ಬೆಲ್ ಅವನಲ್ಲೇ... ಮಾತು? ಮಾತು ಎಲ್ಲಾ ಡಬ್ಬಿಗೂ...? ಏ, ಸುಳ್ಳು! ಹಾಳ್ಯಾಗ ಹಂಗ ಬರದಿಲ್ಲ. ಕಡೀದೊಂದು ಹಾಳಿ ಓದಿಲ್ಲ ನಾ, ಅಷ್ಟೇ...

ಏನು ಕೇಳಿದಿ ತಂಗಿ? ಜ್ವಾಳದ ಚೀಲದ ಮಾತದು. ಚೀಲದ ಕೆಳಗ ಹ್ಯಾಂಡಲ್ ಗೀಂಡಲ್ ಏನಿಲ್ಲ, ಬೇಕಾದ್ರ ಗಿರಣಿಗೆ ಹೋಗಿ ನೋಡು... ಬ್ಯಾಡ, ಹೋಗಬ್ಯಾಡ! ಚೀಲದ ಕೆಳಗ ಅಂತ ನೀ ಎಲ್ಲಿ ಅಂದಿ? ನಾನೇ ಅಂದೆ.

ಬೈಯವ್ವ. ಚೀರು. ಭತ್ತ ಬಾಡಿತ್ತು, ನನ್ನ ಪಾಳಿ ಬರಾಕ ಇನ್ನ ಐದು ದಿನ ಇತ್ತು. ಎರಡು ಸುತ್ತು ತಿರುವಿದೆ, ಎರಡೇ! ಇಳಿಸಾಕ ಹೋದ್ರ ಗೇಟ್ ಇಳೀಲಿಲ್ಲ. ಅಂಜಿ ಓಡಿ ಬಂದೆ.

ಹೇಳೀನಲ್ಲ! ಇನ್ನೂ ಯಾಕ ನೋಡ್ತಿ...

ಹೌದು. ಸೈಕಲ್ ಮ್ಯಾಲಿಟ್ಟ ಗೇಟಿನ ಹ್ಯಾಂಡಲ್ ಕಳುವಾತು ಅಂತ ಅಂಬ್ರಣ್ಣ ಅಳಕೋತ ಹೇಳಿದ್ದು ಖರೇ. ಅವನ್ನ ಗಿರಣಿ ಒಳಗ ಕರದು ಚಾ ಕುಡಿಸು, ಲಗೂನ ಬಿಡಬ್ಯಾಡ ಅಂತ ಪಂಪಣ್ಣಗ ಹೇಳಿದಾಕಿ ನಾನೇ. ಅಷ್ಟರಾಗ ನಾ ಹ್ಯಾಂಡಲ್ ತಗೊಂಡೆ. ಚಾ ಕುಡಿಸು ಅಂದದ್ದನ್ನೂ ಈ ಡಬ್ಬಿನ್ಯಾಗೇ ಹೇಳಿದ್ದೆ...

ಅಯ್ಯಮ್ಮಾ, ಅವತ್ತ ಅದನ್ನೂ ಕೇಳಿದ್ದೇನು? ಕೇಳಿ... ನನ್ನ ಗಂಡಗ ಚಾ ಕುಡಸಾಕತ್ತಾಳ, ಎಷ್ಟು ಚಲೋಕಿ ಅಂತ ಅಂದ್ಕೊಂಡಿದ್ದೇನು?