ಹಿಂದಿನ ಮಗುವಿನ ತೂಕ

ಬಸವೇಶ್ವರನಗರದ ನೆರೆಹೊರೆಯವರಿಗೆ, ಕಚೇರಿಯ ಗೆಳೆಯರಿಗೆ ನಮಸ್ಕಾರ. ಮೇಡಂ ಯಜಮಾನರಾದ ಸುಧೀಂದ್ರ ಅವರೇ, ಮಗಳು ಸ್ಮೃತಿ — ನಿಮ್ಮ ಮುಂದೆ ನಿಂತು, ನಮ್ಮನ್ನೆಲ್ಲ ಅಗಲಿದ ಅನಂತಲಕ್ಷ್ಮಿ ಮೇಡಂ ಬಗ್ಗೆ ಮಾತನಾಡುವ ಯೋಗ್ಯತೆ ನನಗಿದೆಯೋ ಇಲ್ಲವೋ, ಕೇಳಿದ ಮೇಲೆ ನೀವೇ ಹೇಳಿ. ನಾನು ಜಗನ್ನಾಥ. ರಾಜಾಜಿನಗರದ ಕಚೇರಿಯಲ್ಲಿ ಹನ್ನೊಂದು ವರ್ಷ ಅವರ ಪಕ್ಕದ ಮೇಜು ನನ್ನದು.

ನಾವು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವವರು. ಮಗುವಿನ ತೂಕ ಹಾಕಿದರೆ ಔಷಧಿ ಎಷ್ಟು ಕೊಡಬೇಕೆಂದು ಅದು ನರ್ಸ್‌ಗೆ ಹೇಳುತ್ತದೆ. ಮೇಡಂ ಮೀಟಿಂಗ್‌ನಲ್ಲಿ ಮಾತನಾಡಿದರೆ ಎದುರಿನವರು ಹೀಗೆ ಮುಂದಕ್ಕೆ ಬಾಗಬೇಕಿತ್ತು — ಅಷ್ಟು ಮೆಲುದನಿ. ನನ್ನದು ಮೈಕ್ ಬೇಡದ ಗಂಟಲು. ಅವರಿಗೆ ನನಗಿಂತ ಚೆನ್ನಾಗಿ ಕೆಲಸ ಗೊತ್ತಿತ್ತು. ಆದರೂ ನಡೆದದ್ದು ನನ್ನ ಮಾತೇ.

ಎರಡು ವರ್ಷದ ಹಿಂದೆ ಅವರೊಂದು ಪ್ರಶ್ನೆ ಎತ್ತಿದರು. "ಪ್ರತಿ ಮಗುಗೂ ಹೊಸದಾಗಿ ತೂಕ ಕೇಳ್ತೀವಲ್ಲ, ಅದನ್ನ ಮುಂದೆ ಯಾರಾದ್ರೂ ತೆಗೆದ್ರೆ?"

"ಯಾರು ತೆಗೀತಾರೆ ಮೇಡಂ? ನಾನಿದೀನಲ್ಲ!" — ಎದೆ ತಟ್ಟಿಕೊಂಡು ಹೇಳಿದೆ. ಎಲ್ಲರೂ ನಕ್ಕರು. ಅವರೂ ಸ್ವಲ್ಪ ನಕ್ಕು ಲ್ಯಾಪ್‌ಟಾಪ್ ಕಡೆ ತಿರುಗಿಕೊಂಡರು.

ಕಳೆದ ವಾರ — ಅವರು ಹೋದ ಒಂಬತ್ತನೆಯ ದಿನ — ಹೊಸ ಆವೃತ್ತಿ ಆಸ್ಪತ್ರೆಗಳಿಗೆ ಹೊರಡಬೇಕಿತ್ತು. ನರ್ಸ್‌ಗಳಿಗೆ ಕೆಲಸ ಹಗುರವಾಗಲಿ ಎಂದು ಒಂದೆರಡು ಪ್ರಶ್ನೆಗಳನ್ನು ತೆಗೆದಿದ್ದೆವು. ತೆಗೆದವನು ನಾನೇ. "ಎಲ್ಲಾ ನೋಡಿದೀನಿ, ಕಳ್ಸು" ಎಂದೆ. ಹೊಸದಾಗಿ ಸೇರಿದ ರೇವಂತ್ ಗುಂಡಿ ಒತ್ತಿದ. ಅದು ಮುಂದೆ ಹೋಗದೆ ನಿಂತುಬಿಟ್ಟಿತು.

"ಸಾರ್... ನಿಮ್ಮ ಹೆಸ್ರು ಬರ್ತಾ ಇದೆ."

ಹೋಗಿ ನೋಡಿದೆ. ಇಂಗ್ಲಿಷ್ ಸಾಲುಗಳ ನಡುವೆ ಕನ್ನಡ. "ಜಗನ್ನಾಥ್, ಸ್ವಲ್ಪ ತಡೀರಿ. ಹಿಂದಿನ ಮಗುವಿನ ತೂಕ ಇನ್ನೂ ಇಲ್ಲೇ ಇದೆ."

ಹಾಡುಹಗಲು, ಸ್ನೇಹಿತರೇ. ಬೆಳಿಗ್ಗೆ ಹನ್ನೊಂದು ಗಂಟೆ. ಕಣ್ಣು ಓದುತ್ತಿತ್ತು, ಆದರೆ ಕಿವಿಯಲ್ಲಿ ಅವರ ದನಿ. ಪಕ್ಕಕ್ಕೆ ತಿರುಗಿದೆ — ರೇವಂತ್ ಮುಂದಕ್ಕೆ ಬಾಗಿ ನಿಂತಿದ್ದ. ಅವನು ಅವರನ್ನು ಒಮ್ಮೆಯೂ ಕಂಡವನಲ್ಲ.

ತಾರೀಖು ನೋಡಿದರೆ, ಮೇಡಂ ಆ ಸಾಲು ಬರೆದದ್ದು ನಾವು ನಕ್ಕ ದಿನದ ಸಂಜೆ. ಹೊಸ ತೂಕ ಕೇಳುವ ಪ್ರಶ್ನೆಯನ್ನು ಯಾರಾದರೂ ತೆಗೆಯುವ ತಪ್ಪು ಮಾಡುವವರೆಗೆ ಅದು ಸುಮ್ಮನಿರುವಂತೆ ಬರೆದಿದ್ದರು. ಯಾರು ಮಾಡುತ್ತಾರೆ ಎಂಬುದೂ ಅವರಿಗೆ ಗೊತ್ತಿತ್ತು. ಹನ್ನೆರಡು ಕಿಲೋ ಮಗುವಿನ ಔಷಧಿ ಮೂರು ಕಿಲೋ ಮಗುವಿಗೆ ಹೋಗಿದ್ದರೆ — ಬೇಡ, ಅದನ್ನು ನಾನು ಹೇಳಲಾರೆ.

ಮತ್ತೆ ಹುಡುಕಿದೆವು. ಅಂಥವು ಇನ್ನೂ ಹದಿನೇಳಿವೆ. ಎಲ್ಲವೂ ಸುಮ್ಮನೆ ಕಾಯುತ್ತಿವೆ. ಒಂದೊಂದರಲ್ಲೂ ಒಂದು ಹೆಸರು — ಇಲ್ಲಿ ಕುಳಿತವರದ್ದೂ ಇದೆ. ಯಾರದೆಂದು ಹೇಳುವುದಿಲ್ಲ.

ರೇವಂತ್ ಮೊನ್ನೆ ಕೇಳಿದ, "ಒಂಥರಾ ಭಯ ಆಗತ್ತೆ ಸಾರ್. ತೆಗೆದ್ಬಿಡೋಣ್ವಾ?"

"ಬೇಡ ಕಣೋ. ಇರ್ಲಿ."

ಸ್ಮೃತಿ, ನಿಮ್ಮಮ್ಮ ಇದ್ದಾಗ ನಾನು ಅವರ ಮಾತು ಕೇಳಲಿಲ್ಲಮ್ಮ. ನಕ್ಕದ್ದು ಎಲ್ಲರ ಮುಂದೆ. ಕ್ಷಮೆಯನ್ನೂ ಎಲ್ಲರ ಮುಂದೆಯೇ ಕೇಳುತ್ತಿದ್ದೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ, ಮೌನವಾಗಿ. ಎಷ್ಟು ನಿಮಿಷ ಎಂದು ನಾನು ಹೇಳುವುದಿಲ್ಲ. ಸ್ಮೃತಿ ಕುಳಿತ ಮೇಲೆ ನಾವು ಕೂರೋಣ.